ಯೂಬಾ ಸಿಟಿಯ ‘ಸಿಂಗ್’ ಮನೆಗೆ ಮೆಕ್ಸಿಕನ್ ಅಜ್ಜಿ ಬಂದದ್ದು ಹೇಗೆ? ಕ್ಯಾಲಿಫೋರ್ನಿಯಾದ ವಲಸೆ ಚರಿತ್ರೆ ಗೊತ್ತಿರುವವರು ಹೇಳಿ

ಕಾವೇರಿಕಡೆ | ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಫ್ರೀಮಾಂಟ್‌ಗೆ ಬಂದು 11 ವರ್ಷ ಆಯಿತು. ಊರು ಶ್ರೀರಂಗಪಟ್ಟಣದ ಹತ್ತಿರ. ಮಗಳು ಈಗ ನಾಲ್ಕನೇ ಕ್ಲಾಸು. ಇಲ್ಲಿ ಆ ವಯಸ್ಸಿನ ಮಕ್ಕಳಿಗೆ ಕ್ಯಾಲಿಫೋರ್ನಿಯಾದ ಚರಿತ್ರೆ ಪಾಠ ಇರುತ್ತದೆ. ‘ನಮ್ಮ ರಾಜ್ಯಕ್ಕೆ ಯಾರು ಯಾವಾಗ ಬಂದರು’ ಅಂತ ಒಂದು ಪ್ರಾಜೆಕ್ಟ್ ಮಾಡಬೇಕಂತೆ. ಅವಳು ‘ನಾವು ಭಾರತದವರು ಯಾವಾಗ ಬಂದೆವು ಅಪ್ಪಾ?’ ಅಂದಳು. ನಾನು ‘ಕಂಪ್ಯೂಟರ್ ಕೆಲಸ ಶುರುವಾದ ಮೇಲೆ’ ಅಂದುಬಿಟ್ಟೆ.

ಅದು ತಪ್ಪು ಅಂತ ಹೋದ ವಾರ ಗೊತ್ತಾಯಿತು. ಯೂಬಾ ಸಿಟಿ ಕಡೆ ಹೋಗಿದ್ದೆವು. ರಸ್ತೆ ಬದಿ ಅಂಗಡಿಯಲ್ಲಿ ಪೀಚ್ ಹಣ್ಣು ಕೊಂಡೆವು. ಅಂಗಡಿಯ ಹಿರಿಯರ ಅಡ್ಡಹೆಸರು ಸಿಂಗ್. ನಾನು ಹಿಂದಿಯಲ್ಲಿ ಮಾತಾಡಿಸಿದೆ. ಅವರಿಗೆ ಅರ್ಥವಾಗಲಿಲ್ಲ. ಆಳಿನ ಜೊತೆ ಸ್ಪ್ಯಾನಿಷ್‌ನಲ್ಲಿ ಮಾತಾಡುತ್ತಿದ್ದರು. ‘ನಮ್ಮಜ್ಜ ಜಲಂಧರ್ ಕಡೆಯವರು, ಅಜ್ಜಿ ಮೆಕ್ಸಿಕೋದವರು. ಮನೆಯಲ್ಲಿ ರೋಟಿನೂ ಮಾಡುತ್ತಿದ್ದರು, ಟೋರ್ಟಿಯಾನೂ ಮಾಡುತ್ತಿದ್ದರು’ ಅಂದರು. ಅವರ ಅಪ್ಪ ಹುಟ್ಟಿದ್ದು 1924ರಲ್ಲಂತೆ!

ಅಷ್ಟು ಹಿಂದೆಯೇ ಪಂಜಾಬಿನವರು ಇಲ್ಲಿ ಬೇಸಾಯ ಮಾಡುತ್ತಿದ್ದರಾ? ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದದ್ದು ಯಾಕೆ? ಮಗಳಿಗೆ ಸರಿಯಾಗಿ ಹೇಳಬೇಕು. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಳೇಪುಟ | ಶನಿವಾರ ಮಧ್ಯಾಹ್ನ

ಕಾವೇರಿಕಡೆಯವರೇ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ 31 ವರ್ಷ ಇತಿಹಾಸ ಪಾಠ ಮಾಡಿದವನು. ಮಗಳು ಸ್ಯಾಕ್ರಮೆಂಟೋದಲ್ಲಿದ್ದಾಳೆ. ವರ್ಷಕ್ಕೆ ಆರು ತಿಂಗಳು ಇಲ್ಲೇ ಇರುತ್ತೇನೆ. ಬಂದಾಗಲೆಲ್ಲ ಇದನ್ನೇ ಓದುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

1899ರ ಏಪ್ರಿಲ್‌ನಲ್ಲಿ ನಾಲ್ವರು ಸಿಖ್ಖರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗಿನಿಂದ ಇಳಿದರು. ಊರಿನ ಪತ್ರಿಕೆ ಅದನ್ನು ಸುದ್ದಿ ಮಾಡಿತು. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಕೆಲವು ಸಾವಿರ ಜನ ಬಂದರು. ಹೆಚ್ಚಿನವರು ಪಂಜಾಬಿನ ರೈತರ ಮಕ್ಕಳು. ಕೆಲವರು ಬ್ರಿಟಿಷ್ ಸೈನ್ಯದಲ್ಲಿ ದುಡಿದವರು. ಮೊದಲು ಮರ ಕೊಯ್ಯುವ ಮಿಲ್, ರೈಲು ಹಳಿ ಅಂತ ಕೆಲಸ ಸಿಕ್ಕಿತು. ಆಮೇಲೆ ಹೊಲಕ್ಕೆ ಇಳಿದರು. ಅದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಉತ್ತರದಲ್ಲಿ ಯೂಬಾ ಸಿಟಿ, ನಡುವೆ ಸ್ಟಾಕ್ಟನ್, ದಕ್ಷಿಣದ ತುದಿಯಲ್ಲಿ ಮೆಕ್ಸಿಕೋ ಗಡಿಗೆ ತಾಗಿದ ಇಂಪೀರಿಯಲ್ ವ್ಯಾಲಿ. ಇಂಪೀರಿಯಲ್ ವ್ಯಾಲಿ ಮೂಲತಃ ಮರಳುಗಾಡು. 1901ರಲ್ಲಿ ಕೊಲೊರಾಡೋ ನದಿಯಿಂದ ಕಾಲುವೆ ಬಂದ ಮೇಲೆ ಅಲ್ಲಿ ಹತ್ತಿ, ಕರಬೂಜ, ಲೆಟ್ಯೂಸ್ ಬೆಳೆಯತೊಡಗಿತು. ಕಾಲುವೆ ನೀರಿನ ಬೇಸಾಯ ಪಂಜಾಬಿಯವನಿಗೆ ಹೇಳಿಕೊಡಬೇಕಾ?

ಬಂದವರಲ್ಲಿ ಹೆಂಗಸರು ಇರಲಿಲ್ಲ ಅಂತಲೇ ಹೇಳಬಹುದು. ಎರಡು ವರ್ಷ ದುಡಿದು ಊರಿಗೆ ದುಡ್ಡು ಕಳಿಸಿ ವಾಪಸ್ ಹೋಗೋಣ ಅಂತ ಬಂದವರೇ ಜಾಸ್ತಿ. ಆದರೆ 1917ರಲ್ಲಿ ಅಮೆರಿಕ ಏಷ್ಯಾದ ಹೆಚ್ಚಿನ ಭಾಗಕ್ಕೆ ಬಾಗಿಲು ಹಾಕಿತು. ಊರಿಗೆ ಹೋದರೆ ತಿರುಗಿ ಬರುವ ಭರವಸೆ ಇಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವ ಹಾಗಿಲ್ಲ. ಇಲ್ಲಿ ಬಿಳಿಯರನ್ನು ಮದುವೆಯಾಗಲು ರಾಜ್ಯದ ಕಾನೂನು ಅಡ್ಡ. ವಯಸ್ಸು ಮೂವತ್ತು, ನಲವತ್ತು ಆಗುತ್ತಿದೆ. ಮನೆ ಇಲ್ಲ, ಮಕ್ಕಳಿಲ್ಲ.

ಅದೇ ಹೊತ್ತಿಗೆ ಮೆಕ್ಸಿಕೋದಲ್ಲಿ ಕ್ರಾಂತಿ. 1910ರಿಂದ ಹತ್ತು ವರ್ಷ ಅಲ್ಲಿ ನೆಮ್ಮದಿ ಇರಲಿಲ್ಲ. ಎಷ್ಟೋ ಕುಟುಂಬಗಳು ಗಡಿ ದಾಟಿ ಇದೇ ಹತ್ತಿ ಹೊಲಗಳಿಗೆ ಕೂಲಿಗೆ ಬಂದವು. ಕೆಲವು ಮನೆಗಳಲ್ಲಿ ಗಂಡಸರು ತೀರಿಹೋಗಿದ್ದರು. ತಾಯಿ, ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಹೊಲ ಗೇಣಿಗೆ ಮಾಡಿದ ಸಿಂಗ್ ಅಲ್ಲೇ ಇದ್ದ. ಹಾಗೆ ಮದುವೆಗಳಾದವು. ಅಕ್ಕನನ್ನು ಒಬ್ಬ ಮದುವೆಯಾದರೆ ತಂಗಿಯನ್ನು ಅವನ ಪಾಲುದಾರ ಮದುವೆಯಾಗುತ್ತಿದ್ದ. ಇಂಥ ನೂರಾರು ಸಂಸಾರಗಳು ಕಟ್ಟಿಕೊಂಡವು.

ಮಕ್ಕಳು ಹೆಚ್ಚಾಗಿ ತಾಯಿಯ ಕ್ಯಾಥೊಲಿಕ್ ಧರ್ಮದಲ್ಲಿ ಬೆಳೆದರು. ಹೆಸರು ಮಾತ್ರ ಎರಡೂ ಕಡೆಯದು: ಮೊದಲು ಸ್ಪ್ಯಾನಿಷ್ ಹೆಸರು, ಕೊನೆಗೆ ಸಿಂಗ್ ಅಥವಾ ಖಾನ್. ಹೊರಗಿನವರು ಇವರನ್ನು ‘ಮೆಕ್ಸಿಕನ್ ಹಿಂದೂ’ ಅನ್ನುತ್ತಿದ್ದರು. ಸಿಖ್ಖನಾದರೂ ಮುಸಲ್ಮಾನನಾದರೂ ಇಲ್ಲಿನವರ ಬಾಯಲ್ಲಿ ಆಗ ಎಲ್ಲರೂ ‘ಹಿಂದೂ’ಗಳೇ.

ಅವರ ಅಪ್ಪ 1924ರಲ್ಲಿ ಹುಟ್ಟಿದ್ದು ಅಂದಿರಲ್ಲ, ಲೆಕ್ಕ ಸರಿಹೋಗುತ್ತದೆ.

ಓದುಗ ಹುಬ್ಬಳ್ಳಿ | ಶನಿವಾರ ಮಧ್ಯಾಹ್ನ

ಸರ್, ಒಂದು ಸಂದೇಹ. 1848ರಲ್ಲಿ ಮೆಕ್ಸಿಕೋ ಈ ನಾಡನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟ ಒಪ್ಪಂದದ ಮೇಲೆ ಮೆಕ್ಸಿಕನ್ನರನ್ನು ಕಾನೂನಿನಲ್ಲಿ ಬಿಳಿಯರು ಅಂತ ಲೆಕ್ಕ ಹಾಕುತ್ತಿದ್ದರು ಅಲ್ವಾ? ಹಾಗಿದ್ದರೆ ಪಂಜಾಬಿಯವರ ಜೊತೆ ಮದುವೆ ಹೇಗೆ ಆಯಿತು?

ಹಳೇಪುಟ | ಶನಿವಾರ ಸಂಜೆ

ಸರಿಯಾದ ಜಾಗದಲ್ಲೇ ಹಿಡಿದಿದ್ದೀಯಪ್ಪ. ಕಾನೂನು ಪುಸ್ತಕದಲ್ಲಿ ಏನೇ ಇರಲಿ, ಮದುವೆಯ ಲೈಸೆನ್ಸ್ ಕೊಡುವವನು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯ ಗುಮಾಸ್ತ. ಅವನು ಇಬ್ಬರ ಮುಖ ನೋಡುತ್ತಿದ್ದ. ಇಬ್ಬರ ಬಣ್ಣವೂ ಒಂದೇ ಥರ ಕಂಡರೆ ಅರ್ಜಿಯಲ್ಲಿ ಇಬ್ಬರಿಗೂ ‘ಕಂದು’ ಅಂತ ಬರೆದು ಲೈಸೆನ್ಸ್ ಕೊಡುತ್ತಿದ್ದ. ಹುಡುಗಿ ಬೆಳ್ಳಗಿದ್ದರೆ ಆಗಲ್ಲ ಅನ್ನುತ್ತಿದ್ದ. ಆಗ ಜೋಡಿ ಬೇರೆ ಕೌಂಟಿಗೋ ಬೇರೆ ರಾಜ್ಯಕ್ಕೋ ಹೋಗಬೇಕಾಗುತ್ತಿತ್ತು. ಒಂದು ಸಂಸಾರ ಆಗಬೇಕೋ ಬೇಡವೋ ಅನ್ನುವುದು ಗುಮಾಸ್ತನ ಕಣ್ಣಿನ ಮೇಲೆ ನಿಂತಿತ್ತು.

ಫಿಲಿಪೀನ್ಸ್‌ನವರದ್ದು ಇನ್ನೂ ಹೆಚ್ಚಿನ ಸಂಕಟ. 1933ರಲ್ಲಿ ಕೋರ್ಟು ‘ಇವರು ಮಲಯ ಜನ, ಮಂಗೋಲ ಜನ ಅಲ್ಲ, ಆದ್ದರಿಂದ ಈ ನಿಷೇಧ ಇವರಿಗೆ ಬರುವುದಿಲ್ಲ’ ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಶಾಸನಸಭೆ ಕಾನೂನು ತಿದ್ದಿ ‘ಮಲಯ’ ಅನ್ನುವ ಪದವನ್ನೂ ಸೇರಿಸಿಬಿಟ್ಟಿತು. ಈ ಕಾನೂನನ್ನು ರಾಜ್ಯದ ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 1948ರಲ್ಲಿ.

ಸಂಪಿಗೆಮರ | ಶನಿವಾರ ರಾತ್ರಿ

ಮೇಷ್ಟ್ರು ಬರೆದದ್ದು ಓದಿ ಕಣ್ಣು ತುಂಬಿ ಬಂತು. ನಾನು ಸ್ಟಾಕ್ಟನ್‌ನಲ್ಲಿ ನರ್ಸ್. ಊರು ತೀರ್ಥಹಳ್ಳಿ. 1912ರಲ್ಲಿ ಶುರುವಾದ ಗುರುದ್ವಾರ ನಮ್ಮೂರಲ್ಲೇ ಇದೆ. ಅಮೆರಿಕದಲ್ಲಿ ಅದೇ ಮೊದಲನೆಯದು.

ಆದರೆ ಒಂದು ಮಾತು ಹೇಳಬೇಕು. ನಮ್ಮವರು ಅಂತ ಪಂಜಾಬಿನವರಿಂದ ಶುರು ಮಾಡಿದರೆ ಕಥೆ ಅರ್ಧ ಆಗುತ್ತದೆ. ಪಂಜಾಬಿಯವರ ಮೇಲೆ ಬಿದ್ದಂಥ ಎಷ್ಟೋ ಕಾನೂನುಗಳನ್ನು ಮೊದಲು ಚೀನಿಯರ ಮೇಲೆ ಪ್ರಯೋಗ ಮಾಡಿದ್ದರು.

1848ರ ಜನವರಿಯಲ್ಲಿ ಕೊಲೋಮಾ ಅನ್ನುವ ಊರಿನ ಹೊಳೆಯಲ್ಲಿ ಚಿನ್ನ ಸಿಕ್ಕಿತು. ಜಗತ್ತಿನ ಎಲ್ಲ ಕಡೆಯಿಂದ ಜನ ಓಡಿ ಬಂದರು. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನವರು ಈ ನಾಡಿಗೆ ಇಟ್ಟ ಹೆಸರು ‘ಚಿನ್ನದ ಬೆಟ್ಟ’. ಅವರು ಗಣಿಗೆ ಇಳಿದ ಕೂಡಲೇ ಹೊರದೇಶದ ಗಣಿಗಾರರ ತೆರಿಗೆ ಬಂತು. 1854ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಬಿಳಿಯನ ವಿರುದ್ಧ ಚೀನಿಯ ಸಾಕ್ಷಿ ನಡೆಯುವುದಿಲ್ಲ ಅಂದಿತು. ಕಣ್ಣೆದುರು ಕೊಲೆಯಾದರೂ ಹೇಳುವ ಹಾಗಿಲ್ಲ! 1871ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಒಂದೇ ರಾತ್ರಿ ಗುಂಪು ಕಟ್ಟಿಕೊಂಡು ಬಂದು ಸುಮಾರು 18 ಚೀನಿಯರನ್ನು ಕೊಂದರು. ಶಿಕ್ಷೆಯಾದವರೂ ಆಮೇಲೆ ಕಾನೂನಿನ ಸಣ್ಣ ತೊಡಕು ಹಿಡಿದು ಬಿಡುಗಡೆಯಾದರು.

ಸ್ಯಾಕ್ರಮೆಂಟೋದಿಂದ ಹೊರಟ ರೈಲು ಹಳಿ ಸಿಯೆರಾ ಬೆಟ್ಟ ದಾಟಿದ್ದು ಅವರ ಕೈಯಿಂದಲೇ. ಹತ್ತು ಸಾವಿರಕ್ಕೂ ಜಾಸ್ತಿ ಚೀನಿ ಕೂಲಿಗಳು. ಗಟ್ಟಿ ಕಲ್ಲಿನ ಸುರಂಗದಲ್ಲಿ ದಿನಕ್ಕೆ ಒಂದಡಿ ಮುಂದೆ ಹೋದರೆ ಹೆಚ್ಚು. ಬಿಳಿ ಕೂಲಿಯವರಿಗೆ ಊಟ ಕಂಪನಿಯದು, ಇವರು ತಮ್ಮ ದುಡ್ಡಲ್ಲೇ ತಿನ್ನಬೇಕಿತ್ತು. 1867ರ ಜೂನ್‌ನಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿ ಸಮಾನ ಕೂಲಿ ಕೇಳಿದರು. ಕಂಪನಿಯವರು ಬೆಟ್ಟದ ಮೇಲಕ್ಕೆ ಅಕ್ಕಿ ಹೋಗುವುದನ್ನೇ ನಿಲ್ಲಿಸಿದರು. ಒಂದು ವಾರದಲ್ಲಿ ಮುಷ್ಕರ ಮುರಿಯಿತು. ಹಳಿ ಮುಗಿದದ್ದು 1869ರಲ್ಲಿ. ಚೀನಿಯರನ್ನು ದೇಶಕ್ಕೆ ಬಿಡಬಾರದು ಅನ್ನುವ ಕಾನೂನು ಬಂದದ್ದು 1882ರಲ್ಲಿ. ನಡುವೆ ಬರೀ 13 ವರ್ಷ.

ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಡೆಲ್ಟಾದ, ಅಂದರೆ ನದಿಗಳು ಸೇರುವ ಜೌಗು ಸೀಮೆಯ ಏರಿಗಳು ಕಾಣುತ್ತವೆ. ಜೌಗು ನೆಲಕ್ಕೆ ಏರಿ ಹಾಕಿ, ನೀರು ಬಸಿದು, ಹೊಲ ಮಾಡಿದವರಲ್ಲಿ ಮೊದಲಿಗರು ಚೀನಿಯರು. ಸೊಂಟದವರೆಗೆ ಕೆಸರಲ್ಲಿ ನಿಂತು ಮಣ್ಣು ಹೊತ್ತರು. ಅಲ್ಲಿ ಲಾಕ್ ಅಂತ ಒಂದು ಪುಟ್ಟ ಊರಿದೆ. 1915ರಲ್ಲಿ ಚೀನಿಯರೇ ಕಟ್ಟಿಕೊಂಡದ್ದು. ಮರದ ಮನೆಗಳು ಇನ್ನೂ ನಿಂತಿವೆ. ಮನೆ ಅವರದ್ದು, ಆದರೆ ನೆಲ ಕೊಳ್ಳುವ ಹಕ್ಕು ಇರಲಿಲ್ಲ. ಬಾಡಿಗೆ ನೆಲದ ಮೇಲೆ ಕಟ್ಟಿದ್ದರು.

ಕಾವೇರಿಕಡೆಯವರೇ, ಮಗಳನ್ನು ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ಏಂಜೆಲ್ ಐಲ್ಯಾಂಡ್ ದ್ವೀಪಕ್ಕೆ ಕರೆದುಕೊಂಡು ಹೋಗಿ. ನಿಮಗೆ ಹತ್ತಿರ. 1910ರಿಂದ 1940ರವರೆಗೆ ಏಷ್ಯಾದಿಂದ ಬಂದವರನ್ನು ಅಲ್ಲಿ ಕೂಡಿಹಾಕಿ ವಿಚಾರಣೆ ಮಾಡುತ್ತಿದ್ದರು. ‘ನಿಮ್ಮ ಮನೆಗೆ ಎಷ್ಟು ಮೆಟ್ಟಿಲು? ಪಕ್ಕದ ಮನೆಯಲ್ಲಿ ಯಾರಿದ್ದಾರೆ?’ ಅಂತೆಲ್ಲ ಕೇಳುತ್ತಿದ್ದರು. ಯಾಕೆಂದರೆ 1906ರ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋಗಿದ್ದವು. ಎಷ್ಟೋ ಚೀನಿಯರು ತಾವು ಇಲ್ಲೇ ಹುಟ್ಟಿದವರು ಅಂದರು. ಊರಿಂದ ಹುಡುಗರನ್ನು ಮಕ್ಕಳು ಅಂತ ಹೇಳಿ ಕರೆಸಿದರು. ಇವರಿಗೆ ‘ಕಾಗದದ ಮಕ್ಕಳು’ ಅಂತಲೇ ಹೆಸರು. ಬಂಧನದ ಮನೆಯ ಮರದ ಗೋಡೆಗಳ ಮೇಲೆ ಅವರು ಚೀನಿ ಭಾಷೆಯಲ್ಲಿ ಪದ್ಯ ಕೆತ್ತಿದ್ದಾರೆ. 200ಕ್ಕೂ ಜಾಸ್ತಿ ಇವೆ. ಕಟ್ಟಡ ಕೆಡವಬೇಕು ಅಂತಿದ್ದಾಗ, 1970ರಲ್ಲಿ ಒಬ್ಬ ಪಾರ್ಕ್ ಕಾವಲುಗಾರ ಅವನ್ನು ಗಮನಿಸಿ ಹೇಳಿದ್ದರಿಂದ ಉಳಿದವು. ನಾನು ಆ ಗೋಡೆ ಮುಟ್ಟಲಿಲ್ಲ. ಮುಟ್ಟಬಾರದು ಅಂತ ಬೋರ್ಡ್ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ.

ತುಂಗಾತೀರ | ಭಾನುವಾರ ಬೆಳಿಗ್ಗೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ಅನಿಸಿಕೆ ಸ್ವಲ್ಪ ಬೇರೆ. ಹಿಂದೆ ಅನ್ಯಾಯ ಆಗಿದೆ, ಒಪ್ಪುತ್ತೇನೆ. ಆದರೆ ಕೊನೆಗೆ ಕಷ್ಟಪಟ್ಟು ದುಡಿದವರು ಮೇಲೆ ಬಂದರು ಅಲ್ವಾ? ಚೀನಿಯರು, ಜಪಾನಿಯರು, ಪಂಜಾಬಿಯವರು ಎಲ್ಲರೂ ಈಗ ಚೆನ್ನಾಗಿದ್ದಾರೆ. ನಾವೂ ಓದಿ, ಕಾನೂನು ಪ್ರಕಾರ ಬಂದವರು. ನಾನು ಸನ್ನಿವೇಲ್‌ನಲ್ಲಿದ್ದೇನೆ. ಗ್ರೀನ್ ಕಾರ್ಡಿಗೆ 12 ವರ್ಷದಿಂದ ಸಾಲಿನಲ್ಲಿ ನಿಂತಿದ್ದೇನೆ. ಯಾರನ್ನೂ ದೂರಿಲ್ಲ. ಮಕ್ಕಳಿಗೆ ಬರೀ ನೋವಿನ ಕಥೆ ಹೇಳುವುದಕ್ಕಿಂತ ದುಡಿಮೆಯ ಕಥೆ ಹೇಳೋಣ ಅನಿಸುತ್ತದೆ.

ಹಳೇಪುಟ | ಭಾನುವಾರ ಮಧ್ಯಾಹ್ನ

ತುಂಗಾತೀರ ಅವರೇ, ನಿಮ್ಮ ಮಾತಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಚರಿತ್ರೆ ಆ ಮಾತಿಗೆ ಒಪ್ಪುವುದಿಲ್ಲ. ಮೂರು ಜನರ ಕಥೆ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ಜಾರ್ಜ್ ಶಿಮಾ ಅಂತ ಒಬ್ಬ ಜಪಾನಿಯವರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದು ಕೂಲಿ ಮಾಡಿದರು. ಆಮೇಲೆ ಡೆಲ್ಟಾದ ಜೌಗು ದ್ವೀಪಗಳನ್ನು ಗೇಣಿಗೆ ಹಿಡಿದು ಆಲೂಗಡ್ಡೆ ಬೆಳೆದರು. ‘ಆಲೂಗಡ್ಡೆ ರಾಜ’ ಅಂತ ಹೆಸರಾದರು. ಬರ್ಕ್ಲಿಯಲ್ಲಿ ಮನೆ ಕೊಂಡಾಗ ಅಕ್ಕಪಕ್ಕದವರು ಗಲಾಟೆ ಮಾಡಿದರು. ಜಪಾನಿ ರೈತರು ಹೀಗೆ ದುಡಿದು ಮುಂದೆ ಬಂದದ್ದೇ ಇಲ್ಲಿನವರ ಹೊಟ್ಟೆಕಿಚ್ಚಿಗೆ ಕಾರಣವಾಯಿತು. 1913ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು. ನಾಗರಿಕರಾಗಲು ಅರ್ಹತೆಯಿಲ್ಲದ ಹೊರದೇಶದವರು ಹೊಲ ಕೊಳ್ಳುವ ಹಾಗಿಲ್ಲ, ಮೂರು ವರ್ಷಕ್ಕಿಂತ ಹೆಚ್ಚು ಗೇಣಿಗೂ ಹಿಡಿಯುವ ಹಾಗಿಲ್ಲ. ಏಷ್ಯಾದವರಿಗೆ ಆ ಅರ್ಹತೆಯನ್ನು ಕೊಡದೆ ಇಟ್ಟಿದ್ದು ಅಮೆರಿಕದ ಪೌರತ್ವ ಕಾನೂನೇ. 1920ರಲ್ಲಿ ಆ ಗೇಣಿಯೂ ಹೋಯಿತು. ನೋಡಿ, ಅವರ ತಪ್ಪು ದುಡಿಯದೆ ಇದ್ದದ್ದಲ್ಲ. ದುಡಿದದ್ದು.

ಎರಡನೆಯದು ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಪೌರತ್ವ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಅವರ ಕಡೆಯ ವಾದದಲ್ಲಿ ಒಂದು ಭಾಗ ನನಗೆ ಓದಲು ಕಷ್ಟವಾಯಿತು. ತಾವು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರ ಗುಂಪಿಗೇ ಸೇರಬೇಕು ಅಂತ ವಾದ. ಸಮುದ್ರ ದಾಟಿದರೂ ಜಾತಿಯನ್ನೇ ಊರುಗೋಲು ಮಾಡಿಕೊಂಡರು. ಕೋರ್ಟು 1923ರಲ್ಲಿ ಅದನ್ನು ತಳ್ಳಿಹಾಕಿತು. ಸಾಮಾನ್ಯ ಜನ ಯಾರನ್ನು ಬಿಳಿಯ ಅನ್ನುತ್ತಾರೋ ಅವರೇ ಬಿಳಿಯರು ಅಂದಿತು.

ಮೂರನೆಯದು ವೈಷ್ಣೋ ದಾಸ್ ಬಾಗಾಯಿ. 1915ರಲ್ಲಿ ಹೆಂಡತಿ ಕಲಾ, ಮೂವರು ಗಂಡುಮಕ್ಕಳ ಜೊತೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಕಾನೂನು ಪ್ರಕಾರ ಬಂದರು, ಕಾನೂನು ಪ್ರಕಾರ ನಾಗರಿಕರಾದರು. ಅಂಗಡಿ ಇಟ್ಟರು. ಥಿಂಡ್ ತೀರ್ಪು ಬಂದ ಮೇಲೆ ಸರ್ಕಾರ ಅವರ ಪೌರತ್ವ ಕಿತ್ತುಕೊಂಡಿತು. ಆಸ್ತಿ ಹೋಯಿತು. ಭಾರತಕ್ಕೆ ಹೋಗಿ ಬರುತ್ತೇನೆ ಅಂದರೆ ಅಮೆರಿಕದ ಪಾಸ್‌ಪೋರ್ಟ್ ಕೊಡಲಿಲ್ಲ. 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಕಲಾ ಅವರು ಮಕ್ಕಳನ್ನು ಬೆಳೆಸಿ ಓದಿಸಿದರು. ಈಗ ಬರ್ಕ್ಲಿಯಲ್ಲಿ ಒಂದು ಬೀದಿಗೆ ಆ ತಾಯಿಯ ಹೆಸರಿದೆ.

ನೀವು ಕಾನೂನು ಪ್ರಕಾರ ಬಂದೆ ಅಂದಿರಿ. ಬಾಗಾಯಿ ಅವರೂ ಹಾಗೇ ಬಂದವರು. ಅವರು ಬಂದ ಮೇಲೆ ಕಾನೂನಿನ ಅರ್ಥವನ್ನೇ ಬದಲಾಯಿಸಿದರು.

ಓದುಗ ಹುಬ್ಬಳ್ಳಿ | ಭಾನುವಾರ ಮಧ್ಯಾಹ್ನ

ಬ್ರಿಟಿಷರ ಆಳ್ವಿಕೆಯ ವಿರುದ್ಧ ಇಲ್ಲಿನ ಭಾರತೀಯರು ಕಟ್ಟಿದ ಗದರ್ ಪಕ್ಷ ಕೂಡ 1913ರದ್ದೇ ಅಲ್ವಾ ಸರ್? ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಅವರ ಪತ್ರಿಕೆ ಅಚ್ಚಾಗುತ್ತಿತ್ತು. ಕರ್ತಾರ್ ಸಿಂಗ್ ಸರಾಭಾ ಇನ್ನೂ ಹುಡುಗ. ಇಲ್ಲಿಂದ ಊರಿಗೆ ಹೋಗಿ 1915ರಲ್ಲಿ ಲಾಹೋರ್ ಜೈಲಿನಲ್ಲಿ ಗಲ್ಲಿಗೇರಿದಾಗ 19 ವರ್ಷ. ಪರೀಕ್ಷೆಗೆ ಓದುವಾಗ ಬರೀ ಇಸವಿ ಬಾಯಿಪಾಠ ಮಾಡಿದ್ದೆ. ಅವರ ಹಿಂದೆ ಈ ಹೊಲದ ಕೂಲಿಗಳ ದುಡ್ಡು ಇತ್ತು ಅಂತ ಈಗ ತಿಳಿಯುತ್ತಿದೆ.

ಗದ್ದೆಬದು | ಭಾನುವಾರ ಸಂಜೆ

ನಾನು ಮದ್ದೂರಿನ ಹತ್ತಿರ ಕಬ್ಬು, ಭತ್ತ ಮಾಡುವವನು. ಅಮೆರಿಕ ನೋಡಿಲ್ಲ. ತಮ್ಮ ಅಲ್ಲಿದ್ದಾನೆ, ಅವನು ಈ ಚರ್ಚೆ ಕಳಿಸಿದ. ಎಲ್ಲವನ್ನೂ ಓದಿದೆ. ನನ್ನದೊಂದೇ ಪ್ರಶ್ನೆ. ಚೀನಿ ಬಂದ, ಜಪಾನಿ ಬಂದ, ನಮ್ಮವನು ಬಂದ. ಸರಿ. ಮೊದಲು ಆ ನೆಲ ಯಾರದ್ದು ಅಣ್ಣ?

ಕಾವೇರಿಕಡೆ | ಭಾನುವಾರ ರಾತ್ರಿ

ಗದ್ದೆಬದು ಅಣ್ಣ, ನಿಮ್ಮ ಪ್ರಶ್ನೆ ಓದಿ ಇವತ್ತು ಸಂಜೆಯೆಲ್ಲ ಕೂತು ಹುಡುಕಿದೆ. ನಮ್ಮ ಮನೆಯಿಂದ ಹತ್ತು ನಿಮಿಷ ದೂರದಲ್ಲಿ ಮಿಷನ್ ಸ್ಯಾನ್ ಹೋಸೆ ಅಂತ ಹಳೇ ಚರ್ಚಿದೆ. 1797ರಲ್ಲಿ ಸ್ಪೇನಿನ ಪಾದ್ರಿಗಳು ಶುರು ಮಾಡಿದ್ದು. ಇಂಥ 21 ಮಿಷನ್‌ಗಳು ಕರಾವಳಿಯುದ್ದಕ್ಕೂ ಇವೆ. ಇಲ್ಲಿ ಮೊದಲಿಂದ ಇದ್ದವರು ಒಲೋನಿ ಜನ. ಅವರನ್ನು ಮಿಷನ್‌ಗೆ ಸೇರಿಸಿ ದುಡಿಸಿದರು. ಹೊಸ ರೋಗಗಳಿಂದ ಸತ್ತವರಿಗೆ ಲೆಕ್ಕವಿಲ್ಲ.

ಸ್ಪೇನ್ ಹೋಗಿ ಮೆಕ್ಸಿಕೋ ಬಂತು, 1848ರಲ್ಲಿ ಅಮೆರಿಕ ಬಂತು. ಹಳೇ ಮೆಕ್ಸಿಕನ್ ಜಮೀನುದಾರರಿಗೆ 1851ರ ಕಾನೂನಿನಲ್ಲಿ ‘ಹಕ್ಕು ಪತ್ರ ತಂದು ತೋರಿಸಿ’ ಅಂದರು. ಕೇಸು ವರ್ಷಗಟ್ಟಲೆ ಎಳೆಯಿತು. ಗೆದ್ದವರೂ ವಕೀಲರಿಗೆ ಕೊಟ್ಟು ನೆಲ ಕಳೆದುಕೊಂಡರು. ಮೂಲ ನಿವಾಸಿಗಳಿಗಂತೂ ಅಷ್ಟೂ ಇಲ್ಲ. ರಾಜ್ಯದ ಮೊದಲ ಗವರ್ನರ್ ಪೀಟರ್ ಬರ್ನೆಟ್ 1851ರಲ್ಲಿ, ಈ ಜನ ಪೂರ್ತಿ ಇಲ್ಲವಾಗುವ ತನಕ ಯುದ್ಧ ನಡೆದೇ ನಡೆಯುತ್ತದೆ ಅಂತ ಶಾಸನಸಭೆಗೇ ಹೇಳಿದ. ಅವರನ್ನು ಬೇಟೆಯಾಡಿದವರಿಗೆ ಸರ್ಕಾರ ದುಡ್ಡು ಕೊಟ್ಟಿತು. ಅವರ ಮಕ್ಕಳನ್ನು ಜೀತಕ್ಕೆ ಇಟ್ಟುಕೊಳ್ಳಲು 1850ರ ಕಾನೂನೇ ದಾರಿ ಮಾಡಿತ್ತು. ರಾಜ್ಯದ ಗವರ್ನರ್ ಅದನ್ನು ನರಮೇಧ ಅಂತ ಒಪ್ಪಿ ಕ್ಷಮೆ ಕೇಳಿದ್ದು 2019ರಲ್ಲಿ.

ಇನ್ನೊಂದು ವಿಷಯ ಇವತ್ತೇ ತಿಳಿಯಿತು. ನಮ್ಮೂರಿನ ಹೆಸರು ಜಾನ್ ಫ್ರೀಮಾಂಟ್ ಅನ್ನುವ ಸೇನಾಧಿಕಾರಿಯದ್ದು. 1846ರಲ್ಲಿ ಸ್ಯಾಕ್ರಮೆಂಟೋ ನದಿಯ ದಡದಲ್ಲಿ ಮೂಲ ನಿವಾಸಿಗಳನ್ನು ಕೊಂದ ದಂಡಿನ ನಾಯಕ ಅವನೇ. 11 ವರ್ಷದಿಂದ ವಿಳಾಸ ಬರೆಯುತ್ತಿದ್ದೇನೆ.

ಒಲೋನಿ ಜನ ಮುಗಿದುಹೋಗಿಲ್ಲ. ಇವತ್ತಿಗೂ ಇದ್ದಾರೆ. ತಮ್ಮ ನೆಲ, ತಮ್ಮ ನುಡಿಗಾಗಿ ದುಡಿಯುತ್ತಿದ್ದಾರೆ. ಅದನ್ನೂ ಮಗಳಿಗೆ ಹೇಳಿದೆ.

ಅರಳಿಕಟ್ಟೆ | ಸೋಮವಾರ ಬೆಳಿಗ್ಗೆ

ನಾನು ಆರೆಂಜ್ ಕೌಂಟಿಯಲ್ಲಿ ಶಾಲಾ ಶಿಕ್ಷಕಿ. ಇಲ್ಲಿನ ಒಂದು ಹೊಲದ ಕಥೆ ಹೇಳಲೇಬೇಕು. ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ.

ವೆಸ್ಟ್‌ಮಿನ್‌ಸ್ಟರ್ ಅನ್ನುವ ಊರಲ್ಲಿ ಮುನೆಮಿತ್ಸು ಅನ್ನುವ ಜಪಾನಿ ಕುಟುಂಬ 40 ಎಕರೆ ಹೊಲ ಮಾಡುತ್ತಿತ್ತು. ಅಪ್ಪನ ಹೆಸರಲ್ಲಿ ಕೊಳ್ಳುವ ಹಾಗಿರಲಿಲ್ಲ. ಇಲ್ಲೇ ಹುಟ್ಟಿದ ಮಗನ ಹೆಸರಲ್ಲಿ ಹೊಲ ಇತ್ತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ನಾಗರಿಕರೇ! ಕೈಯಲ್ಲಿ ಹಿಡಿದುಕೊಳ್ಳುವಷ್ಟು ಸಾಮಾನು ಮಾತ್ರ ತರಬಹುದಿತ್ತು. ಮುನೆಮಿತ್ಸು ಕುಟುಂಬ ಅರಿಜೋನಾದ ಪೋಸ್ಟನ್ ಶಿಬಿರಕ್ಕೆ ಹೋಯಿತು.

ಆ ಹೊಲವನ್ನು ಗೇಣಿಗೆ ಹಿಡಿದವರು ಮೆಂಡೆಜ್ ದಂಪತಿ. ಗಂಡ ಗೊನ್ಸಾಲೋ ಮೆಕ್ಸಿಕೋದವರು, ಹೆಂಡತಿ ಫೆಲಿಸಿಟಾಸ್ ಪೋರ್ಟೊರಿಕೋದವರು. ಮಕ್ಕಳನ್ನು ಊರಿನ ಶಾಲೆಗೆ ಸೇರಿಸಲು ಹೋದರೆ ಸೇರಿಸಲಿಲ್ಲ. ‘ಮೆಕ್ಸಿಕನ್ ಮಕ್ಕಳ ಶಾಲೆ ಬೇರೆ ಇದೆ, ಅಲ್ಲಿಗೆ ಹೋಗಿ’ ಅಂದರು. ಹೊಲದಲ್ಲಿ ಬಂದ ದುಡ್ಡು ಹಾಕಿ ಅವರು 1945ರಲ್ಲಿ ಕೇಸು ಹಾಕಿದರು. ಇನ್ನೂ ನಾಲ್ಕು ಕುಟುಂಬಗಳು ಜೊತೆಗೆ ನಿಂತವು. 1947ರಲ್ಲಿ ಮೇಲಿನ ಕೋರ್ಟಿನಲ್ಲೂ ಗೆದ್ದರು. ಆ ವರ್ಷವೇ ಗವರ್ನರ್ ಅರ್ಲ್ ವಾರೆನ್ ಶಾಲೆಗಳಲ್ಲಿ ಮಕ್ಕಳನ್ನು ಬೇರೆ ಮಾಡುವ ರಾಜ್ಯದ ಕಾನೂನನ್ನು ತೆಗೆದುಹಾಕಿದರು. ಇದೇ ವಾರೆನ್ 1942ರಲ್ಲಿ ಜಪಾನಿಯರನ್ನು ಸಾಗಿಸಬೇಕು ಅಂತ ಬಲವಾಗಿ ಹೇಳಿದವರು. ಮುಂದೆ 1954ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಮಾಡುವುದು ತಪ್ಪು ಅಂತ ಇಡೀ ದೇಶಕ್ಕೆ ತೀರ್ಪು ಕೊಟ್ಟವರೂ ಇವರೇ.

ಯುದ್ಧ ಮುಗಿದ ಮೇಲೆ ಮುನೆಮಿತ್ಸು ಕುಟುಂಬ ವಾಪಸ್ ಬಂತು. ಹೊಲ ಅವರ ಕೈಗೆ ಬಂತು. ಎಷ್ಟೋ ಜಪಾನಿಯರಿಗೆ ಹೀಗೆ ಆಗಲಿಲ್ಲ. ನನ್ನ ಮಕ್ಕಳು ಪ್ರತಿ ಸಲ ಇಲ್ಲಿ ಚಪ್ಪಾಳೆ ತಟ್ಟುತ್ತಾರೆ.

ಲಾಸ್ ಏಂಜಲೀಸ್‌ನ ಜಪಾನಿಯರ ಬೀದಿಗಳು ಖಾಲಿಯಾದಾಗ ದಕ್ಷಿಣದ ರಾಜ್ಯಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕಪ್ಪು ಜನ ಅಲ್ಲಿ ನೆಲೆಸಿದರು. ಬೇರೆ ಕಡೆ ಅವರಿಗೆ ಮನೆ ಕೊಡುತ್ತಿರಲಿಲ್ಲ. ಒಬ್ಬರ ಖಾಲಿ ಮನೆಗೆ ಇನ್ನೊಬ್ಬರು ಬಂದದ್ದು ಹೀಗೆ.

ಗದ್ದೆಬದು | ಸೋಮವಾರ ಮಧ್ಯಾಹ್ನ

ಅಕ್ಕ, ಹೊಲ ವಾಪಸ್ ಕೊಟ್ಟರು ಅಂದ್ರಲ್ಲ, ಅದನ್ನು ಓದಿ ಸಮಾಧಾನ ಆಯಿತು. ಈಗ ಅಲ್ಲಿ ಹೊಲದಲ್ಲಿ ದುಡಿಯುವವರು ಯಾರು? ಎಲ್ಲ ಮಿಷಿನ್ನೇ ಮಾಡುತ್ತದಾ?

ಸಂಪಿಗೆಮರ | ಸೋಮವಾರ ರಾತ್ರಿ

ಇಲ್ಲ ಅಣ್ಣ. ದ್ರಾಕ್ಷಿ, ಸ್ಟ್ರಾಬೆರಿ, ಲೆಟ್ಯೂಸ್‌ಗೆ ಈಗಲೂ ಕೈ ಬೇಕು. ಹೆಚ್ಚಿನವರು ಮೆಕ್ಸಿಕೋದವರು. ಬಿಸಿಲು ಹೆಚ್ಚಾದಾಗ ತಲೆಸುತ್ತಿ ಬಿದ್ದು ನಮ್ಮಲ್ಲಿಗೆ ಬರುವವರಲ್ಲಿ ಅವರೇ ಜಾಸ್ತಿ. ರಜೆ ಹಾಕಿದರೆ ಕೂಲಿ ಇಲ್ಲ ಅಂತ ಗ್ಲೂಕೋಸ್ ಹಾಕಿಸಿಕೊಂಡು ಎದ್ದು ಹೊರಡುತ್ತಾರೆ.

ಯುದ್ಧದ ಕಾಲದಲ್ಲಿ, 1942ರಿಂದ, ಮೆಕ್ಸಿಕೋದಿಂದ ಕರಾರಿನ ಮೇಲೆ ಗಂಡಾಳುಗಳನ್ನು ಕರೆಸುತ್ತಿದ್ದರು. ಅದಕ್ಕೆ ಹತ್ತೇ ವರ್ಷ ಹಿಂದೆ, ಕೆಲಸ ಇಲ್ಲದ ಕಾಲದಲ್ಲಿ, ಇಲ್ಲೇ ಹುಟ್ಟಿದ ಮಕ್ಕಳ ಸಮೇತ ಮೆಕ್ಸಿಕನ್ನರನ್ನು ರೈಲು ಹತ್ತಿಸಿ ಗಡಿ ದಾಟಿಸಿದ್ದರು. ಬೇಕಾದಾಗ ಕರೆಯುವುದು, ಸಾಕಾದಾಗ ಕಳಿಸುವುದು. ಕರಾರಿನ ಪದ್ಧತಿ ನಿಂತದ್ದು 1964ರ ಕೊನೆಗೆ.

ಮರುವರ್ಷ, 1965ರ ಸೆಪ್ಟೆಂಬರ್ 8, ಡೆಲಾನೋ ಅನ್ನುವ ಊರಲ್ಲಿ ಫಿಲಿಪಿನೋ ಕೂಲಿಗಳು ದ್ರಾಕ್ಷಿ ತೋಟಕ್ಕೆ ಇಳಿಯಲಿಲ್ಲ. ಗಂಟೆಗೆ 1 ಡಾಲರ್ 40 ಸೆಂಟ್ ಕೇಳಿದರು. ಮುಂದಾಳು ಲ್ಯಾರಿ ಇಟ್ಲಿಯಾಂಗ್. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿತ್ತು. ಮದುವೆಯೇ ಆಗದವರು ಬಹಳ. ಯಾಕೆ ಅಂತ ಮೇಷ್ಟ್ರು ಮೇಲೆ ಹೇಳಿದ್ದಾರೆ. ಮೊದಲೆಲ್ಲ ಫಿಲಿಪಿನೋಗಳು ಮುಷ್ಕರ ಮಾಡಿದರೆ ಮೆಕ್ಸಿಕನ್ನರನ್ನು ತರುತ್ತಿದ್ದರು, ಮೆಕ್ಸಿಕನ್ನರು ಮಾಡಿದರೆ ಫಿಲಿಪಿನೋಗಳನ್ನು. ಈ ಸಲ ಇಟ್ಲಿಯಾಂಗ್ ಹೋಗಿ ಸೀಸರ್ ಚಾವೆಜ್, ಡೊಲೊರೆಸ್ ವೆರ್ತಾ ಅವರ, ಮೆಕ್ಸಿಕನ್ನರೇ ಹೆಚ್ಚಿದ್ದ ಸಂಘವನ್ನು ಜೊತೆಗೆ ಬನ್ನಿ ಅಂತ ಕೇಳಿದರು. ಎಂಟು ದಿನದಲ್ಲಿ ಅವರೂ ಸೇರಿದರು. ಐದು ವರ್ಷ ನಡೆಯಿತು. 1970ರಲ್ಲಿ ತೋಟದ ಮಾಲೀಕರು ಒಪ್ಪಂದಕ್ಕೆ ಬಂದರು. ವಯಸ್ಸಾದ ಫಿಲಿಪಿನೋಗಳಿಗೆ ಇರಲು ಅಗ್ಬಯಾನಿ ಅನ್ನುವ ವಸತಿಯನ್ನು ಆಮೇಲೆ ಕಟ್ಟಿದರು.

ನಿಮಗೆ ಹೇಳಲೇಬೇಕಾದ್ದು ಇನ್ನೊಂದಿದೆ ಅಣ್ಣ. ಆಗ ಕಳೆ ತೆಗೆಯಲು ಗಿಡ್ಡ ಕಾವಿನ ಗುದ್ದಲಿಯನ್ನೇ ಕೊಡುತ್ತಿದ್ದರು. ದಿನಪೂರ್ತಿ ಬಗ್ಗಿಯೇ ಇರಬೇಕು. ಸೊಂಟ ಎತ್ತಿದವನು ಸುಮ್ನೆ ನಿಂತಿದ್ದಾನೆ ಅಂತ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಎಷ್ಟೋ ಜನರ ಬೆನ್ನು ಕಾಯಂ ಹೋಯಿತು. ಅದನ್ನು 1975ರಲ್ಲಿ ನಿಷೇಧಿಸಿದರು.

ಗದ್ದೆಬದು | ಮಂಗಳವಾರ ಬೆಳಿಗ್ಗೆ

ಗುದ್ದಲಿಗೆ ಕಾವು ಎಷ್ಟುದ್ದ ಹಾಕಬೇಕು ಅನ್ನುವುದು ಹಿಡಿಯುವವನ ಎತ್ತರ ನೋಡಿ ಅಕ್ಕ. ನಮ್ಮಪ್ಪ ಪ್ರತಿಯೊಬ್ಬರಿಗೂ ಬೇರೆ ಕಾವು ಹಾಕಿಸುತ್ತಿದ್ದರು. ಮೇಸ್ತ್ರಿ ನೋಡಲಿ ಅಂತ ಕಾವು ಗಿಡ್ಡ ಮಾಡುವುದಾ? ಬಹಳ ಬೇಜಾರಾಯಿತು.

ತುಂಗಾತೀರ | ಮಂಗಳವಾರ ರಾತ್ರಿ

ಎರಡು ದಿನ ಬರೆಯಲಿಲ್ಲ, ಓದುತ್ತಿದ್ದೆ. ಬಾಗಾಯಿ ಅವರ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಮೇಷ್ಟ್ರೇ, ಹಾಗಾದರೆ ನಮಗೆ ಬಾಗಿಲು ತೆರೆದದ್ದು ಯಾವಾಗ? 1965ರ ವಲಸೆ ಕಾನೂನು ಅಂತ ಎಲ್ಲರೂ ಹೇಳುತ್ತಾರೆ.

ಹಳೇಪುಟ | ಬುಧವಾರ ಬೆಳಿಗ್ಗೆ

ಎರಡು ಮೆಟ್ಟಿಲು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಒಂದು ಕಾನೂನಿಗೆ ಸಹಿ ಹಾಕಿದರು. ಭಾರತದವರಿಗೂ ಫಿಲಿಪೀನ್ಸ್‌ನವರಿಗೂ ಪೌರತ್ವದ ಹಕ್ಕು ಬಂತು. ವರ್ಷಕ್ಕೆ ತಲಾ ಸುಮಾರು 100 ಜನ ಬರಬಹುದು. ಅದಕ್ಕಾಗಿ ಓಡಾಡಿದವರಲ್ಲಿ ದಲೀಪ್ ಸಿಂಗ್ ಸೌಂಡ್ ಒಬ್ಬರು. 1920ರಲ್ಲಿ ಬಂದು ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಅಷ್ಟು ಓದಿದರೂ ತಕ್ಕ ಕೆಲಸ ಸಿಗಲಿಲ್ಲ. ಇಂಪೀರಿಯಲ್ ವ್ಯಾಲಿಗೆ ಹೋಗಿ ಲೆಟ್ಯೂಸ್ ಬೆಳೆದರು. 1949ರಲ್ಲಿ ನಾಗರಿಕರಾದರು. 1956ರಲ್ಲಿ ಅಲ್ಲಿನ ರೈತರ, ಊರಿನವರ ಮತದಿಂದಲೇ ಅಮೆರಿಕದ ಕಾಂಗ್ರೆಸ್‌ಗೆ ಆರಿಸಿ ಹೋದರು. ಏಷ್ಯಾ ಮೂಲದವರಲ್ಲಿ ಅವರೇ ಮೊದಲಿಗರು.

ಎರಡನೆಯ ಮೆಟ್ಟಿಲು ನೀವು ಹೇಳಿದ ಕಾನೂನು, ಅದಕ್ಕೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3. ಯಾವ ದೇಶದಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಹಾಕಿದ್ದ ಹಳೇ ಲೆಕ್ಕ ಹೋಯಿತು. ದೇಶದ ಉದ್ದಗಲ ಕಪ್ಪು ಜನ ಸಮಾನ ಹಕ್ಕಿಗೆ ಬೀದಿಗಿಳಿದು ಏಟು ತಿಂದ ವರ್ಷಗಳವು. ಆ ಗಾಳಿ ಇಲ್ಲದಿದ್ದರೆ ಈ ಕಾನೂನು ಬರುತ್ತಿರಲಿಲ್ಲ ಅನ್ನುವುದು ನನ್ನ ದೃಢವಾದ ಅಭಿಪ್ರಾಯ. ಸಹಿ ಬಿದ್ದ ದಿನ ಡೆಲಾನೋದ ಮುಷ್ಕರಕ್ಕೆ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ನಮ್ಮ ಕಡೆಯ ಡಾಕ್ಟರು, ಎಂಜಿನಿಯರುಗಳು ಇಲ್ಲಿಗೆ ಬರತೊಡಗಿದ್ದು ಅದರ ಮೇಲೆಯೇ. ನೀವು ನಿಂತಿರುವ ಸಾಲೂ ಅಲ್ಲಿಂದಲೇ ಶುರು. ಒಂದು ದೇಶಕ್ಕೆ ನೂರಕ್ಕೆ ಏಳು ಅನ್ನುವ ಮಿತಿ ನಿಮ್ಮನ್ನು ಕಾಯಿಸುತ್ತಿದೆ. ಅದನ್ನು ದೂರಬೇಡಿ ಅಂತ ನಾನು ಹೇಳುವುದಿಲ್ಲ. ದೂರಬೇಕು, ಕೇಳಬೇಕು. ಕೇಳಿದವರಿಂದಲೇ ಇಷ್ಟಾದರೂ ಆದದ್ದು.

ತುಂಗಾತೀರ | ಬುಧವಾರ ಮಧ್ಯಾಹ್ನ

ಒಪ್ಪಿದೆ ಮೇಷ್ಟ್ರೇ. ದುಡಿಮೆಯ ಕಥೆಯನ್ನೇ ಹೇಳೋಣ ಅಂದಿದ್ದೆ. ಅದರಲ್ಲಿ ಮುಷ್ಕರವೂ ಕೋರ್ಟೂ ಸೇರುತ್ತದೆ ಅಂತ ಹೊಳೆದಿರಲಿಲ್ಲ.

ಕಾವೇರಿಕಡೆ | ಗುರುವಾರ ರಾತ್ರಿ

ಮಗಳ ಪ್ರಾಜೆಕ್ಟ್ ಮುಗಿಯಿತು. ದೊಡ್ಡ ಹಾಳೆಯ ಮೇಲೆ ಒಂದೇ ಒಂದು ಹೊಲ ಬರೆದಿದ್ದಾಳೆ. ಮೊದಲು ಒಲೋನಿ ಹೆಂಗಸು ಓಕ್ ಮರದ ಕಾಯಿ ಆರಿಸುತ್ತಿದ್ದಾಳೆ. ಪಕ್ಕದಲ್ಲಿ ಚೀನಿಯವನು ಏರಿ ಹಾಕುತ್ತಿದ್ದಾನೆ. ಆಮೇಲೆ ಜಪಾನಿ, ಸಿಂಗ್, ಅವನ ಮೆಕ್ಸಿಕನ್ ಹೆಂಡತಿ, ಫಿಲಿಪಿನೋ ತಾತ. ತಾತನ ಕೈಯಲ್ಲಿ ಗುದ್ದಲಿ ಇದೆ. ಕಾವು ಉದ್ದ ಹಾಕಿದ್ದಾಳೆ. ಗದ್ದೆಬದು ಅಣ್ಣ, ಅದು ನಿಮ್ಮ ಮಾತು ಕೇಳಿ. ಬಿಟ್ಟುಹೋದವರು ಇನ್ನೂ ಎಷ್ಟೋ ಇದ್ದಾರೆ. ಫ್ರೆಸ್ನೋದ ಅರ್ಮೇನಿಯನ್ನರು, ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ಜನ, ಧೂಳಿನ ಬಿರುಗಾಳಿಗೆ ಹೊಲ ಕಳೆದುಕೊಂಡು ಒಕ್ಲಹೋಮಾದಿಂದ ಬಂದ ಬಿಳಿ ರೈತರು. ಹಾಳೆಯಲ್ಲಿ ಜಾಗ ಸಾಲಲಿಲ್ಲ.

ನವೆಂಬರ್ ಮೊದಲ ಭಾನುವಾರ ಯೂಬಾ ಸಿಟಿಯಲ್ಲಿ ಸಿಖ್ಖರ ನಗರ ಕೀರ್ತನೆ ಮೆರವಣಿಗೆ ಇರುತ್ತದೆ. ನಾವು ಹೋಗುತ್ತಿದ್ದೇವೆ. ಆ ಪೀಚ್ ಅಂಗಡಿಯ ಹಿರಿಯರನ್ನೂ ಮತ್ತೆ ಮಾತಾಡಿಸಬೇಕು. ಅಜ್ಜಿಯ ಊರು ಯಾವುದು ಅಂತ ಕೇಳುವುದನ್ನೇ ಮರೆತಿದ್ದೆ. ಯಾರಾದರೂ ಬರುತ್ತೀರಾ?

ಸಂಪಿಗೆಮರ | ಗುರುವಾರ ರಾತ್ರಿ

ನಾನು ಬರುತ್ತೇನೆ. ಆ ಭಾನುವಾರ ಡ್ಯೂಟಿ ಇಲ್ಲ. ದಾರಿಯಲ್ಲಿ ಸ್ಯಾಕ್ರಮೆಂಟೋದಲ್ಲಿ ಮೇಷ್ಟ್ರನ್ನೂ ಹತ್ತಿಸಿಕೊಳ್ಳುತ್ತೇನೆ. ಕಾರಿನಲ್ಲಿ ಇನ್ನೂ ಎರಡು ಸೀಟಿದೆ, ತುಂಗಾತೀರ ಅವರೇ.